ಸತ್ತವರ ಸಹಿ ಕೇಳಿದ ಮಾನ್ಯರಿಗೆ

ಗೆ,
ಮುಖ್ಯಸ್ಥರು,
ಅಪಾಯ ನಿರ್ಣಯ ವಿಭಾಗ
(ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯಬೇಕಿತ್ತು. ತಮಗಿರುವ ಮೂರು ಹೆಸರುಗಳಲ್ಲಿ ಯಾವುದರಿಂದ ಕರೆದರೆ ತಾವು ತಿರುಗಿ ನೋಡುತ್ತೀರಿ ಎಂದು ತಿಳಿಯದೆ ಬಿಟ್ಟಿದ್ದೇನೆ.)

ಮಾನ್ಯರೇ,

ಈ ಪತ್ರದ ಮೊದಲ ಕರಡಿನಲ್ಲಿ ನಾನು ಬರೆಯದೆ ನುಂಗಿಕೊಂಡಿದ್ದ ಮಾತೊಂದಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ತಮ್ಮನ್ನು ಆರಿಸಿದವಳು ನಾನೇ. ಯಾರ ಒತ್ತಾಯವೂ ಇರಲಿಲ್ಲ, ಯಾರೂ ಕಣ್ಣಿಗೆ ಮಣ್ಣೆರಚಲಿಲ್ಲ. ಮೂರು ಸಂಸ್ಥೆಗಳನ್ನು ತೂಗಿ ನೋಡಿ, ಟೀ ಕುಡಿದು, ಪೂರ್ತಿ ಎಚ್ಚರದಲ್ಲಿದ್ದಾಗ ತಮ್ಮ ಹೆಸರಿನ ಮುಂದೆ ಸರಿ ಗುರುತು ಹಾಕಿದ್ದು ಈ ಕೈಯೇ. ಆದ್ದರಿಂದ ಇದನ್ನು ದೂರು ಎಂದುಕೊಳ್ಳದೆ, ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಬರೆಯುವ ಕಾಗದದಂತೆ ಓದಿಕೊಳ್ಳಬೇಕೆಂದು ವಿನಂತಿ. ತಮಗೂ, ತಮ್ಮ ವಿಭಾಗದ ಸಿಬ್ಬಂದಿಗೂ, ಸಿಬ್ಬಂದಿ ಇಲ್ಲದಿದ್ದಲ್ಲಿ ಅವರ ಕುರ್ಚಿಯಲ್ಲಿ ಕುಳಿತಿರುವ ಯಂತ್ರಕ್ಕೂ ನನ್ನ ನಮಸ್ಕಾರಗಳು.

ಇದೇ ವಿಷಯವನ್ನು ಈ ಮೊದಲು ಜರ್ಮನ್ ಭಾಷೆಯಲ್ಲೂ ಆಮೇಲೆ ಇಂಗ್ಲಿಷಿನಲ್ಲೂ ಬರೆದು ಕಳಿಸಿದ್ದೆ. ಎರಡಕ್ಕೂ ತಮ್ಮ ಉತ್ತರಿಸುವ ಯಂತ್ರ, ಮೀಲೋ ಎಂಬ ಮುದ್ದು ಹೆಸರಿನದು, ಒಂದೇ ಉತ್ತರ ಕೊಟ್ಟಿತು: ನನ್ನ ಅನುಭವ ಅದಕ್ಕೆ ಬಹಳ ಮುಖ್ಯವಂತೆ. ಯಾವ ಭಾಷೆಯಲ್ಲಿ ಬರೆದರೂ ಬರುವ ಉತ್ತರ ಅದೇ ಆಗಿರುವಾಗ, ನನಗೆ ಚೆನ್ನಾಗಿ ಸಿಟ್ಟು ಬರುವ ಭಾಷೆಯಲ್ಲೇ ಬರೆಯುವುದು ಲೇಸೆನ್ನಿಸಿತು. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ; ಇಂಗ್ಲಿಷಿನಲ್ಲಿ ನಾನು ಏನು ಬರೆದರೂ ಅದು ರಜೆ ಕೇಳುವ ಅರ್ಜಿಯ ಹಾಗೆ ಆಗಿಬಿಡುತ್ತದೆ.

ನಮ್ಮ ಪರಿಚಯವನ್ನು ಮತ್ತೊಮ್ಮೆ ಮಾಡಿಕೊಡುತ್ತೇನೆ, ಏಕೆಂದರೆ ತಮ್ಮ ದಾಖಲೆಯಲ್ಲಿ ನಾವು ‘ಹೆಚ್ಚು ಅಪಾಯದ ವ್ಯಾಪಾರ’ ಎಂದಷ್ಟೇ ಇದೆ. ಎಮ್ಸ್ ನದಿಯ ದಂಡೆಯ ಈ ಪುಟ್ಟ ಊರಿನಲ್ಲಿ ನಾನು ಮತ್ತು ನನ್ನ ಪಾಲುದಾರಳಾದ ಆಂಟ್ಯೆ ಬ್ರಾಮರ್ ಸೇರಿ ಸಮಾಧಿಗಳನ್ನು ನೋಡಿಕೊಳ್ಳುತ್ತೇವೆ. ಮಕ್ಕಳು ಹ್ಯಾಂಬರ್ಗಿನಲ್ಲೋ ಓಸ್ಲೋದಲ್ಲೋ ಟೊರಾಂಟೋದಲ್ಲೋ ಇರುತ್ತಾರೆ, ಅಪ್ಪ ಅಮ್ಮ ಇಲ್ಲಿ ಮಣ್ಣಿನಲ್ಲಿ ಇರುತ್ತಾರೆ. ಮಕ್ಕಳು ನಮ್ಮ ವೆಬ್‌ಸೈಟಿಗೆ ಬಂದು ಚಂದಾದಾರರಾಗುತ್ತಾರೆ. ನಾವು ಕಳೆ ಕೀಳುತ್ತೇವೆ, ಕಾಲಕ್ಕೆ ತಕ್ಕ ಹೂಗಿಡ ನೆಡುತ್ತೇವೆ, ಚಳಿಗಾಲಕ್ಕೆ ಮುಂಚೆ ಫರ್ ಮರದ ಟೊಂಗೆಗಳನ್ನು ಒಂದರ ಮೇಲೊಂದು ಹಾಸಿ ಹೊದಿಕೆ ಮಾಡುತ್ತೇವೆ, ತಿಂಗಳಿಗೊಂದು ಫೋಟೋ ಕಳಿಸುತ್ತೇವೆ. ಮಣ್ಣಿನ ಕೆಲಸ ಆಂಟ್ಯೆಯದು, ವೆಬ್‌ಸೈಟು ಮತ್ತು ಹಣದ ಕೆಲಸ ನನ್ನದು. ನಮ್ಮಿಬ್ಬರ ಜಗಳಗಳೆಲ್ಲ ಹುಟ್ಟುವುದು ಈ ಎರಡರ ನಡುವಿನ ಬೇಲಿಯಲ್ಲಿ.

ತಾವು ಬರುವ ಮುಂಚೆ ನಮ್ಮ ವ್ಯವಸ್ಥೆ ಹಿಂದುಳಿದದ್ದಾಗಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಗಿರಾಕಿಗಳು ತಿಂಗಳು ತಿಂಗಳು ಬ್ಯಾಂಕಿನಿಂದ ತಾವೇ ಹಣ ವರ್ಗಾಯಿಸುತ್ತಿದ್ದರು. ಕೆಲವರು ಮೊದಲ ತಾರೀಖಿಗೆ, ಕೆಲವರು ಪಿಂಚಣಿ ಬಂದ ಮೇಲೆ, ಒಬ್ಬಾಕೆ ಅಮಾವಾಸ್ಯೆ ನೋಡಿ. ವರ್ಗಾವಣೆಯ ಚೀಟಿಯಲ್ಲಿ ಯಾವುದಕ್ಕಾಗಿ ಹಣ ಎಂದು ಬರೆಯಲು ಒಂದು ಸಾಲು ಇರುತ್ತದಲ್ಲ, ಆ ಸಾಲಿನಲ್ಲಿ ಜನ ನಮ್ಮೊಂದಿಗೆ ಮಾತಾಡುತ್ತಿದ್ದರು. ‘ಅಮ್ಮ, ಮೇ ತಿಂಗಳು, ಈ ಸಲ ಕೆಂಪು ಬೇಡ.’ ‘ಅಪ್ಪ, ಜೂನ್. ಪಕ್ಕದ ಸಮಾಧಿಯವರ ಬಳ್ಳಿ ನಮ್ಮ ಕಡೆ ನುಗ್ಗುತ್ತಿದೆ, ನೋಡಿ.’ ಯಾರ ಹಣ ಬಂತು, ಯಾರದು ಬರಲಿಲ್ಲ ಎಂದು ಹೊಂದಿಸುವುದರಲ್ಲಿ ನನ್ನ ಭಾನುವಾರಗಳು ಕಳೆಯುತ್ತಿದ್ದವು. ವ್ಯಾಪಾರವೆಂದರೆ ಇದಲ್ಲ, ಎಲ್ಲವೂ ತನ್ನಷ್ಟಕ್ಕೆ ತಾನೇ ನಡೆಯಬೇಕು ಎಂದು ನನಗೆ ಅನ್ನಿಸಲು ಶುರುವಾದದ್ದು ಆಗ.

ಹೀಗಾಗಿ ಕಳೆದ ವಸಂತದಲ್ಲಿ ನಾನು ಮೂರು ಸಂಸ್ಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದು ಪ್ರತಿ ಪಾವತಿಗೂ ಸ್ವಲ್ಪ ಸ್ವಲ್ಪ ಕಚ್ಚುತ್ತಿತ್ತು, ಎರಡನೆಯದು ಒಂದೇ ಸಲ ದೊಡ್ಡದಾಗಿ ಕಚ್ಚುತ್ತಿತ್ತು. ಮೂರನೆಯವರಾದ ತಾವು ಇಬ್ಬರಿಗಿಂತ ದುಬಾರಿಯಾಗಿದ್ದರೂ ತಮ್ಮ ಪುಟದ ತುದಿಯಲ್ಲಿ ಫೋನ್ ನಂಬರ್ ಇತ್ತು. ನನಗೆ ಅದು ಸಾಕಾಯಿತು. ಆಂಟ್ಯೆ ತನ್ನ ಮಣ್ಣಿನ ಬೂಟು ಬಿಚ್ಚದೆ ಅಡುಗೆಮನೆಗೆ ಬಂದು, ಕಪ್ಪಿಗೆ ಕಲ್ಲುಸಕ್ಕರೆ ಹಾಕಿ, ಮೇಲೆ ಟೀ ಸುರಿದು, ನನ್ನ ಹೆಗಲ ಮೇಲಿಂದ ಇಣುಕಿದಳು. “ಏನೇ ಇದು, ಇಷ್ಟೊಂದು ಬಣ್ಣ? ಇವರು ದುಡ್ಡು ವಸೂಲಿ ಮಾಡೋರೋ, ಐಸ್‌ಕ್ರೀಮ್ ಮಾರೋರೋ?” ಅಂದಳು. ತಮ್ಮ ಮಾರಾಟ ಪ್ರತಿನಿಧಿ ಆಗಿನ್ನೂ ಫೋನ್ ಎತ್ತುತ್ತಿದ್ದರು. ಬಹಳ ಸೌಜನ್ಯದ ಮನುಷ್ಯ. “ನೀವು ಮಲಗಿರುವಾಗಲೂ ಹಣ ಬರ್ತಾ ಇರತ್ತೆ ಮೇಡಂ,” ಎಂದರು. ಆಂಟ್ಯೆ ಪಕ್ಕದಿಂದಲೇ, “ನಮ್ಮಲ್ಲಿ ಮಲಗಿರೋರು ಗಿರಾಕಿಗಳು ಅಂತ ಹೇಳು ಅವನಿಗೆ,” ಅಂದಳು. ನಾನು ಹೇಳಲಿಲ್ಲ. ಹೇಳಿದ್ದರೆ ಬಹುಶಃ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲವೇನೋ ಎಂದು ಈಗ ಒಮ್ಮೊಮ್ಮೆ ಅನ್ನಿಸುತ್ತದೆ.

ತಮ್ಮ ಅರ್ಜಿಯಲ್ಲಿ ವ್ಯಾಪಾರದ ಬಗೆಯನ್ನು ಆರಿಸಬೇಕಿತ್ತು. ವ್ಯಾಯಾಮಶಾಲೆ, ಸಾಫ್ಟ್‌ವೇರ್, ಊಟದ ಡಬ್ಬಿ, ವಧೂವರರ ಭೇಟಿ, ಸಾಕುಪ್ರಾಣಿಗಳ ಆಹಾರ ಎಲ್ಲ ಇದ್ದವು. ನಮಗೆ ಹತ್ತಿರದ್ದೆಂದರೆ ‘ದೀರ್ಘಾವಧಿ ವಸತಿ’ ಒಂದೇ. ಅದನ್ನು ಹಾಕಲು ಮನಸ್ಸು ಬಾರದೆ ‘ತೋಟಗಾರಿಕೆ’ ಎಂದು ಹಾಕಿದೆ. ಮುಂದೆ ‘ಚಂದಾದಾರಿಕೆಯ ಹೆಸರು’ ಎಂಬ ಖಾನೆ ಇತ್ತು. ನಾನೂ ಆಂಟ್ಯೆಯೂ ಸಮಾಧಿಗಳನ್ನು ಅಲ್ಲಿರುವವರ ಹೆಸರಿನಿಂದಲೇ ಕರೆಯುವುದು. ‘ಗೆಜೀನೆಗೆ ನೀರು ಹಾಕಿದೆಯಾ’, ‘ಹಾಯೊ ಪಕ್ಕದಲ್ಲಿ ಗೊಬ್ಬರದ ಚೀಲ ಮರೆತು ಬಂದೆ’ ಎಂಬುದು ನಮ್ಮ ದಿನನಿತ್ಯದ ಮಾತು. ಆ ಖಾನೆಯಲ್ಲಿ ನಾನು ಅದೇ ಹೆಸರುಗಳನ್ನು ತುಂಬಿದೆ. ತಮ್ಮ ಯಂತ್ರ ಆ ಹೆಸರಿಗೇ ಪತ್ರ ಬರೆಯುತ್ತದೆಂದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕಿತ್ತೇ? ಬೇಕಿತ್ತು. ತಮ್ಮ ನಿಬಂಧನೆಗಳನ್ನು ಪೂರ್ತಿ ಓದಿದ್ದೇನೆಂದು ಒಂದು ಚೌಕದಲ್ಲಿ ಗುರುತು ಹಾಕಿದವಳೂ ನಾನೇ. ಆ ಚೌಕದ ಮಟ್ಟಿಗೆ ಇಡೀ ಯುರೋಪೇ ಸುಳ್ಳು ಹೇಳುತ್ತದೆಂಬ ಸಮಾಧಾನ ನನಗಿದೆ.

ಶರತ್ಕಾಲದಲ್ಲಿ ಮೊದಲ ಸಲ ಹಣ ತನ್ನಷ್ಟಕ್ಕೆ ತಾನೇ ಗಿರಾಕಿಗಳ ಖಾತೆಯಿಂದ ಹೊರಟಿತು. ದೂರದ ಮಕ್ಕಳ ಕಾರ್ಡುಗಳಿಂದ ಬಂತು, ಊರಿನವರ ಬ್ಯಾಂಕ್ ಖಾತೆಗಳಿಂದ ಆಟೋ ಡೆಬಿಟ್ ಆಗಿ ಬಂತು. ಆ ವಾರ ನಾನು ತಮ್ಮನ್ನು ಬಾಯಿತುಂಬ ಹೊಗಳಿದೆ. ನನ್ನ ಭಾನುವಾರ ನನಗೆ ವಾಪಸ್ ಸಿಕ್ಕಿತ್ತು. ಅದರಲ್ಲಿ ಏನು ಮಾಡಬೇಕೆಂದು ತಿಳಿಯದೆ ಕಿಟಕಿ ಒರೆಸಿದೆ.

ಆದರೆ ತಾವು ಇರುವ ಊರಿನಲ್ಲಿ ಸೋಮವಾರ ಬೆಳಿಗ್ಗೆ ಜನ ಏನು ಮಾಡುತ್ತಾರೋ ನಾನರಿಯೆ. ನಮ್ಮೂರಿನಲ್ಲಿ ವಯಸ್ಸಾದವರು ಉಳಿತಾಯ ಬ್ಯಾಂಕಿಗೆ ಹೋಗುತ್ತಾರೆ. ಅಲ್ಲಿ ಬಾಗಿಲ ಬಳಿ ಸ್ಟೇಟ್‌ಮೆಂಟ್ ಮುದ್ರಿಸುವ ಪೆಟ್ಟಿಗೆಯೊಂದಿದೆ. ಕಾರ್ಡು ತೂರಿಸಿ, ವಾರದ ಲೆಕ್ಕವನ್ನು ಕಾಗದದಲ್ಲಿ ತೆಗೆದುಕೊಂಡು, ಮನೆಗೆ ಹೋಗಿ ಮೇಜಿನ ಮೇಲೆ ಹಾಸಿ, ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ಟಿಕ್ ಹಾಕಿ, ತೂತು ಕೊರೆದು ಫೈಲಿಗೆ ಸೇರಿಸುತ್ತಾರೆ. ಇದು ಅವರಿಗೆ ಸ್ನಾನದಷ್ಟೇ ಸಹಜ. ಆ ಸೋಮವಾರ ಅವರ ಅಡಿಪಟ್ಟಿ ಒಂದು ಸಾಲಿನಲ್ಲಿ ನಿಂತಿತು. ಅಲ್ಲಿ ಆಂಟ್ಯೆಯ ಹೆಸರಿರಲಿಲ್ಲ, ನನ್ನ ಹೆಸರಿರಲಿಲ್ಲ, ಅಮ್ಮ ಅಪ್ಪಂದಿರ ಹೆಸರೂ ಇರಲಿಲ್ಲ. ದೊಡ್ಡಕ್ಷರಗಳಲ್ಲಿ ತಮ್ಮ ಎರಡನೆಯ ಹೆಸರು, ಅದರ ಹಿಂದೆ ಒಂದಿಷ್ಟು ಅಂಕಿಗಳು, ಅದರಾಚೆ ಬೇರೊಂದು ದೇಶ. ಅಪರಿಚಿತರು ತಮ್ಮ ಖಾತೆಗೆ ಕೈಹಾಕಿದರೆ ಈ ಊರಿನ ಮರ್ಯಾದಸ್ಥರು ಏನು ಮಾಡಬೇಕೋ ಅದನ್ನೇ ಮಾಡಿದರು: ಎದ್ದು, ಕೋಟು ಹಾಕಿಕೊಂಡು, ಮತ್ತೆ ಬ್ಯಾಂಕಿಗೆ ಹೋಗಿ, ಹಣ ವಾಪಸ್ ತರಿಸಿಕೊಂಡರು. ಆಟೋ ಡೆಬಿಟ್ ಆದ ಎಂಟು ವಾರದೊಳಗೆ ಹಾಗೆ ಮಾಡಲು ಕಾರಣ ಹೇಳಬೇಕಾಗಿಲ್ಲ ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ನಮ್ಮ ಸ್ಮಶಾನದಲ್ಲಿ ನೀರಿನ ನಲ್ಲಿಯೊಂದಿದೆ. ನಲ್ಲಿಯ ಪಕ್ಕದ ಕಂಬಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ನೀರಿನ ಕ್ಯಾನನ್ನು ಸರಪಳಿ ಹಾಕಿ ಬೀಗ ಜಡಿದು ಇಟ್ಟಿರುತ್ತಾರೆ. ಪಕ್ಕದ ಸಮಾಧಿಯವರನ್ನು ನಂಬುತ್ತಾರೆ, ಅವರ ಮೊಮ್ಮಕ್ಕಳನ್ನು ನಂಬುವುದಿಲ್ಲ. ಊರಿನ ಸುದ್ದಿಯೆಲ್ಲ ಹಂಚುವುದು ಅಲ್ಲೇ. ತೆರಿಗೆ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾದ ಟೊಮ್ಮಾ ಹಾರ್ಮ್ಸ್ ಎಂಬ ಹಿರಿಯರು ಬೀಗ ತೆಗೆಯುತ್ತ ತೆಗೆಯುತ್ತಲೇ ಬಂದವರಿಗೆಲ್ಲ ಎಚ್ಚರಿಕೆ ಹೇಳಿದರು. “ನಿಮ್ಮ ಸ್ಟೇಟ್‌ಮೆಂಟ್ ನೋಡ್ಕೊಂಡ್ರಾ? ಸಮಾಧಿಗೆ ಕೊಡೋಷ್ಟೇ ಮೊತ್ತ, ಯಾವನೋ ನಮ್ಮ ಸತ್ತೋರ ಹೆಸರಲ್ಲಿ ದುಡ್ಡು ಹೊಡೀತಿದಾನೆ. ಪಾಪ, ಆ ಹುಡುಗೀರಿಗೆ ಗೊತ್ತೇ ಇಲ್ಲ ಅನ್ಸತ್ತೆ. ಹೋಗಿ ವಾಪಸ್ ತಗೊಳ್ಳಿ, ಇವತ್ತೇ ಹೋಗಿ!” ಆ ‘ಹುಡುಗೀರು’ ಎಂದರೆ ನಾನು ಮತ್ತು ಆಂಟ್ಯೆ, ಇಬ್ಬರಿಗೂ ನಲವತ್ತು ದಾಟಿದೆ. ಟೊಮ್ಮಾ ಅವರ ಮಾತಿಗೆ ಊರಿನಲ್ಲಿ ಬೆಲೆಯಿದೆ. ವಾರ ಕಳೆಯುವುದರಲ್ಲಿ ಇಡೀ ಸ್ಮಶಾನ ತಮ್ಮಿಂದ ಹಣ ವಾಪಸ್ ಪಡೆದಿತ್ತು.

ಮಾನ್ಯರೇ, ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಹಣ ವಾಪಸ್ ಪಡೆದ ಆ ಜನ ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಆಂಟ್ಯೆ ನೀರು ಹಿಡಿಯಲು ಹೋದಾಗ ನಮ್ಮ ಕ್ಯಾನಿನ ಹಿಡಿಗೆ ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದ ಲಕೋಟೆಗಳು ನೇತಾಡುತ್ತಿದ್ದವು. ಪ್ರತಿ ಲಕೋಟೆಯ ಮೇಲೂ ಸತ್ತವರ ಹೆಸರು, ಒಳಗೆ ಸರಿಯಾದ ಹಣ, ಕೆಲವದರಲ್ಲಿ ‘ಈ ಸಲ ಬಿಳಿ ಹೂವಿರಲಿ’ ಎಂಬ ಚೀಟಿ. ಟೊಮ್ಮಾ ಅವರು ರಸೀದಿಯನ್ನೂ ತಾವೇ ಬರೆದಿಟ್ಟಿದ್ದರು, ನಾವು ಸಹಿ ಮಾಡುವುದಷ್ಟೇ ಬಾಕಿ. ಹೀಗೆ, ತಮ್ಮ ಪರದೆಯ ಮೇಲೆ ನಮ್ಮ ಊರು ಕಳ್ಳರ ಸಂತೆಯಾಗಿ ಕಂಡ ಅದೇ ವಾರ, ನಮ್ಮ ಕೈಗೆ ಒಬ್ಬರದೂ ಬಾಕಿ ಇಲ್ಲದಂತೆ ಹಣ ಸಂದಾಯವಾಗಿತ್ತು. ಇದನ್ನು ನಾನು ಮೀಲೋಗೆ ವಿವರಿಸಿದೆ. ಮೀಲೋ ನನಗೆ ಒಂದು ನಗುಮುಖ ಕಳಿಸಿತು.

ಆಮೇಲೆ ತಾವು ನಮ್ಮ ಖಾತೆಗೆ ಬೀಗ ಹಾಕಿದಿರಿ. ದೂರದ ಮಕ್ಕಳು ಕಳಿಸಿದ ಚಳಿಗಾಲದ ಹೊದಿಕೆಯ ಹಣವೆಲ್ಲ ಬೀಗದ ಒಳಗೆ ಉಳಿಯಿತು. ಬೀಗ ತೆಗೆಯಬೇಕಾದರೆ ಸೇವೆ ನಿಜವಾಗಿಯೂ ತಲುಪಿದೆ ಎಂಬುದಕ್ಕೆ ಪುರಾವೆ ಬೇಕೆಂದು ತಿಳಿಸಿದಿರಿ: ಸೇವೆಯನ್ನು ಪಡೆದವರ ಸಹಿ, ಅವರ ಚಾಲ್ತಿಯಲ್ಲಿರುವ ಗುರುತಿನ ಚೀಟಿ, ಮತ್ತು ಸಾಧ್ಯವಾದರೆ ಸೇವೆಯಿಂದ ತೃಪ್ತರಾಗಿರುವುದಾಗಿ ಅವರದೇ ಮಾತಿನಲ್ಲಿ ಎರಡು ಸಾಲು.

ಈ ವಿಷಯದಲ್ಲಿ ತಮ್ಮ ನಂಬಿಕೆ ನನ್ನನ್ನು ಬೆರಗುಗೊಳಿಸಿದೆ. ಪಾದ್ರಿಗಳು ಕೂಡ ಸತ್ತವರಿಂದ ಇಷ್ಟನ್ನು ನಿರೀಕ್ಷಿಸುವುದಿಲ್ಲ. ನಾನು ಹುಟ್ಟಿದ ಮನೆಯಲ್ಲಿ ಸತ್ತವರನ್ನು ಸುಟ್ಟು, ಬೂದಿಯನ್ನು ನೀರಿಗೆ ಬಿಟ್ಟು, ವರ್ಷಕ್ಕೊಮ್ಮೆ ತಿಥಿ ಮಾಡಿ ಪಿಂಡ ಇಟ್ಟು ಕಾಗೆಗೆ ಕಾಯುತ್ತಿದ್ದರು. ಕಾಗೆ ಬಂದು ಮುಟ್ಟಿದರೆ ತಲುಪಿತೆಂದು ಲೆಕ್ಕ. ತಡವಾದರೆ ದೊಡ್ಡವರು ತೀರಿಕೊಂಡವರ ಯಾವ ಆಸೆ ಉಳಿಯಿತೋ ಎಂದು ಯೋಚಿಸಿ, ‘ಆಯ್ತು, ಮಗೂನ ನಾವು ನೋಡ್ಕೋತೀವಿ’ ಎಂದೇನಾದರೂ ಮಾತು ಕೊಟ್ಟು ಮತ್ತೆ ಕರೆಯುತ್ತಿದ್ದರು. ವರ್ಷ ವರ್ಷ ತಪ್ಪದೆ ನಡೆಯುವ ಪಾವತಿಗೆ ಅದಕ್ಕಿಂತ ಸರಳವಾದ ವ್ಯವಸ್ಥೆಯನ್ನು ನಾನು ಇದುವರೆಗೆ ಕಂಡಿಲ್ಲ. ಆ ಕಾಗೆ ಒಂದು ಸಲವೂ ಗುರುತಿನ ಚೀಟಿ ಕೇಳಲಿಲ್ಲ. ಆದರೂ ತಮ್ಮ ಕೋರಿಕೆಯನ್ನು ತಳ್ಳಿಹಾಕುವ ಉದ್ಧಟತನ ನನಗಿಲ್ಲ. ತಮ್ಮ ಪ್ರತಿನಿಧಿಯೊಬ್ಬರನ್ನು ದಯಮಾಡಿ ಇಲ್ಲಿಗೆ ಕಳಿಸಿಕೊಡಿ. ಅವರನ್ನು ನಾನೇ ಸಾಲು ಸಾಲಾಗಿ ಕರೆದುಕೊಂಡು ಹೋಗಿ ಪರಿಚಯಿಸುತ್ತೇನೆ. ಬರುವಾಗ ಪೆನ್ನಿನ ಜೊತೆ ಒಂದು ಗುದ್ದಲಿಯನ್ನೂ ತರಲಿ. ಗುರುತಿನ ಚೀಟಿಯ ಬದಲು ಕಲ್ಲು ನಡೆಯುವುದಾದರೆ ತಿಳಿಸಿ. ಅದರ ಮೇಲೆ ಹೆಸರು, ಹುಟ್ಟಿದ ದಿನ ಎರಡೂ ಇವೆ, ಚಾಲ್ತಿಯ ಅವಧಿ ಮುಗಿದ ದಿನವೂ ಇದೆ.

ಈ ನಡುವೆ ತಮ್ಮ ವರದಿಯೊಂದು ಬಂತು. ನಮ್ಮ ಗಿರಾಕಿಗಳಲ್ಲಿ ಬಹುತೇಕರು ಬೇರೆ ಸಂಸ್ಥೆಗೆ ಹೋಗಿಬಿಡುವ ಸಂಭವವಿದೆಯೆಂದೂ, ಅವರನ್ನು ಉಳಿಸಿಕೊಳ್ಳಲು ಒಂದು ತಿಂಗಳು ಉಚಿತ ಕೊಡಬೇಕೆಂದೂ ಅದರಲ್ಲಿತ್ತು. ಆಂಟ್ಯೆಗೆ ಓದಿ ಹೇಳಿದೆ. ಅವಳು ಗುದ್ದಲಿಗೆ ಒರಗಿ ಬಹಳ ಹೊತ್ತು ನಕ್ಕಳು. “ಹೋಗೋದಾದ್ರೂ ಎಲ್ಲಿಗಂತೆ?” ಅಂದಳು.

ನಾನೂ ನಕ್ಕೆ. ಮರುದಿನ ನಗು ನಿಂತಿತು.

ಹಾಬ್ಬೊ ಫೋಲ್ಕರ್ಟ್ಸ್ ಎಂಬ ಹಿರಿಯರನ್ನು ತಾವು ಬಲ್ಲಿರಿ. ತಮ್ಮ ದಾಖಲೆಯಲ್ಲಿ ಅವರು ‘ಎರಡು ಸಲ ವಿಫಲ’. ನದಿಯ ಮೇಲೆ ಹಡಗುಗಳಿಗೆ ನೀರಿನ ಬಾಗಿಲು ತೆಗೆದು ಮುಚ್ಚುವ ಕೆಲಸದಲ್ಲಿ ಇಡೀ ಆಯುಷ್ಯ ಕಳೆದವರು. ಈಗ ಪಕ್ಕದ ಊರಿನ ವೃದ್ಧಾಶ್ರಮದಲ್ಲಿದ್ದಾರೆ. ಅವರ ಹೆಂಡತಿ ಗೆಜೀನೆ ನಮ್ಮಲ್ಲಿದ್ದಾರೆ, ಏಳನೆಯ ಸಾಲಿನಲ್ಲಿ, ಬರ್ಚ್ ಮರದ ಕೆಳಗೆ. ನಾವು ತಿಂಗಳಿಗೊಂದು ಕಳಿಸುವ ಫೋಟೋವನ್ನು ಅವರು ಹಾಸಿಗೆಯ ಪಕ್ಕದ ಮೇಜಿನಲ್ಲಿ ಬದಲಾಯಿಸಿ ಬದಲಾಯಿಸಿ ಇಡುತ್ತಾರಂತೆ. ಎಲ್ಲರಂತೆ ಅವರೂ ಅಪರಿಚಿತ ಹೆಸರು ಕಂಡು ಹಣ ವಾಪಸ್ ಪಡೆದಿದ್ದರು, ಯಂತ್ರ ಮತ್ತೆ ತೆಗೆದಾಗ ಮತ್ತೊಮ್ಮೆ ಪಡೆದಿದ್ದರು. ಅದಕ್ಕೆ ತಮ್ಮ ಯಂತ್ರ ಉತ್ತರ ಬರೆಯಿತು. ಅದರ ಪ್ರತಿ ನನ್ನ ಬಳಿಯಿದೆ: ‘ಪ್ರಿಯ ಗೆಜೀನೆ, ಪಾವತಿ ಬಾರದ ಕಾರಣ ನಿಮ್ಮ ಸ್ಥಾನವನ್ನು ರದ್ದುಗೊಳಿಸಲಾಗಿದೆ. ನಿಮ್ಮನ್ನು ಬಿಟ್ಟುಕೊಡಲು ನಮಗೆ ದುಃಖವಾಗುತ್ತಿದೆ. ಮನಸ್ಸು ಬದಲಾದರೆ ಮರಳಿ ಬನ್ನಿ!’

ಇಲ್ಲಿ ಸಮಾಧಿಯ ಜಾಗ ಎಂದೆಂದಿಗೂ ಸಿಗುವುದಿಲ್ಲ. ಅದಕ್ಕೊಂದು ಅವಧಿಯಿದೆ, ಅವಧಿ ಮುಗಿದು ಯಾರೂ ಮುಂದುವರಿಸದಿದ್ದರೆ ಕಲ್ಲು ಕಿತ್ತು ನೆಲ ಸಮ ಮಾಡುತ್ತಾರೆ. ಫೋಲ್ಕರ್ಟ್ಸ್ ಅವರಿಗೆ ಇದು ಗೊತ್ತು. ಪತ್ರ ಓದಿದವರು ಯಾರಿಗೂ ಹೇಳದೆ ಟ್ಯಾಕ್ಸಿ ಹಿಡಿದು ಸ್ಮಶಾನಕ್ಕೆ ಬಂದಿದ್ದರು. ನಾನು ಚಳಿಗಾಲದ ಹೀದರ್ ಹೂಗಿಡಗಳ ಪೆಟ್ಟಿಗೆ ಹೊತ್ತು ಏಳನೆಯ ಸಾಲಿಗೆ ಹೋದಾಗ, ಗಾಲಿಯ ವಾಕರಿನ ಮೇಲೆ ಎರಡೂ ಕೈ ಊರಿ ಕಲ್ಲಿನ ಮುಂದೆ ನಿಂತಿದ್ದರು. ವಾಕರಿನ ಬುಟ್ಟಿಯಲ್ಲಿ ಮಡಿಸಿದ ಪತ್ರವೂ ಒಂದು ಖಾಲಿ ಚೀಲವೂ ಇದ್ದವು.

“ಮೊಯಿನ್,” ಎಂದರು, ಇಲ್ಲಿ ಬೆಳಿಗ್ಗೆಗೂ ಸಂಜೆಗೂ ಸಾವಿಗೂ ಅದೊಂದೇ ನಮಸ್ಕಾರ. “ಯಾವತ್ತು ಬರ್ತಾರಮ್ಮ ಅವರು?”

“ಯಾರು ಫೋಲ್ಕರ್ಟ್ಸ್ ಅವರೇ?”

“ಇವಳನ್ನ ಖಾಲಿ ಮಾಡ್ಸೋರು. ಕಾಗದ ಬಂದಿದೆಯಲ್ಲ. ನಾನು ಕೇಳ್ಕೊಳ್ಳೋಕೆ ಬಂದಿಲ್ಲ, ನೋಟಿಸ್ ಅಂದ್ರೆ ನೋಟಿಸ್ಸೇ. ಆ ಬಲ್ಬ್ ಗಿಡದ ಗೆಡ್ಡೆ ಮಾತ್ರ ತಗೊಂಡು ಹೋಗೋಣ ಅಂತ ಚೀಲ ತಂದೆ. ಅವಳು ನೆಟ್ಟಿದ್ದು, ನಮ್ಮನೆ ಹಿತ್ತಲಲ್ಲಿ. ಅಲ್ಲಿಂದ ಕಿತ್ತು ನಾನೇ ಇಲ್ಲಿ ಹಾಕಿದ್ದೆ.”

ನಾನು ಪೆಟ್ಟಿಗೆ ಕೆಳಗಿಟ್ಟೆ. ಅವಧಿ ಮುಗಿಯಲು ಇನ್ನೂ ವರ್ಷಗಳಿವೆ, ಇದು ಸ್ಮಶಾನದ ಕಚೇರಿಯ ಪತ್ರವಲ್ಲ, ಒಂದು ಯಂತ್ರ ತಾನಾಗಿಯೇ ಬರೆದದ್ದು ಎಂದೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ಪತ್ರವನ್ನು ತೆಗೆದು ಬೆರಳಿಟ್ಟು ತೋರಿಸಿದರು. “ಹೆಸರು ಸರಿಯಾಗಿದೆಯಲ್ಲ. ಯಂತ್ರಕ್ಕೆ ಇವಳ ಹೆಸರು ಹೇಗೆ ಗೊತ್ತಾಯ್ತು?” ಆ ಖಾನೆ ತುಂಬಿದವಳು ನಾನು; ಬಗ್ಗಿ ಪೆಟ್ಟಿಗೆಯ ಗಿಡಗಳನ್ನು ಸರಿಪಡಿಸಿದೆ. ಅಷ್ಟರಲ್ಲಿ ಆಂಟ್ಯೆ ಕೈಗಾಡಿ ತಳ್ಳಿಕೊಂಡು ಬಂದಳು. “ಅಜ್ಜಾ, ನಾನಿರೋವರೆಗೂ ಗೆಜೀನೆನ ಯಾರೂ ಮುಟ್ಟಲ್ಲ. ಮುಟ್ಟಿದ್ರೆ ಅವರನ್ನೂ ಇಲ್ಲೇ ಪಕ್ಕದಲ್ಲಿ ಹೂತು ತಿಂಗಳ ಚಂದಾ ಹಾಕ್ತೀನಿ!” ಅಂದಳು. ಅಜ್ಜ ನಕ್ಕರು, ಆದರೆ ಒಪ್ಪಲಿಲ್ಲ. “ನೀನು ಒಳ್ಳೇವಳು ಕಣೇ. ಆದ್ರೆ ಬಾಯಿಮಾತು ಬಾಯಿಮಾತು. ನನ್ನ ಸ್ಟೇಟ್‌ಮೆಂಟಲ್ಲಿ ಬರ್ಬೇಕು. ಮುಂಚೆ ಬರ್ತಿತ್ತಲ್ಲ, ‘ಆಂಟ್ಯೆ ಬ್ರಾಮರ್, ಗೆಜೀನೆಗೆ, ಇಂಥ ತಿಂಗಳು’ ಅಂತ. ಅದು ಬಂದ್ರೆ ಅವಳು ಇದಾಳೆ ಅಂತ.” ಗೆಡ್ಡೆಗಳನ್ನು ಅವರು ಅಗೆಯಲಿಲ್ಲ, ನಾವು ಬಿಡಲಿಲ್ಲ. ಆದರೆ ಚೀಲವನ್ನು ಮಡಿಸಿ ವಾಕರಿನ ಬುಟ್ಟಿಯಲ್ಲೇ ಇಟ್ಟುಕೊಂಡು ಟ್ಯಾಕ್ಸಿ ಹತ್ತಿದರು.

ಅಂದು ಮಧ್ಯಾಹ್ನ ನಾನು ತಮಗೆ ಫೋನ್ ಮಾಡಿದೆ. ಯಾವ ನಂಬರನ್ನು ನೋಡಿ ತಮ್ಮನ್ನು ಆರಿಸಿದ್ದೆನೋ ಅದೇ ನಂಬರಿಗೆ. ಅದು ಈಗ ಪಿಯಾನೋ ನುಡಿಸುತ್ತದೆ; ಚೆನ್ನಾಗಿಯೇ ನುಡಿಸುತ್ತದೆ. ಅಂತೂ ಫೋನಿಟ್ಟು ತಮ್ಮ ವೆಬ್‌ಸೈಟಿನ ಚಾಟಿನಲ್ಲಿ ಮೀಲೋ ಸಿಕ್ಕಾಗ ನನ್ನ ಕೋರಿಕೆ ಇಷ್ಟೇ ಇತ್ತು: ಬೀಗ ಹಾಕಿದ ಹಣ ಆಮೇಲೆ ನೋಡೋಣ, ಒಬ್ಬ ಮುದುಕರ ಸ್ಟೇಟ್‌ಮೆಂಟಿನ ಒಂದು ಸಾಲಿನಲ್ಲಿ ತಮ್ಮ ಹೆಸರಿನ ಬದಲು ನಮ್ಮ ಹೆಸರನ್ನೂ ಅವರ ಹೆಂಡತಿಯ ಹೆಸರನ್ನೂ ಹಾಕಿಕೊಡಿ. ಗಿರಾಕಿಯ ನಂಬಿಕೆ ಉಳಿಯಲೆಂದು ಆ ಸಾಲಿನಲ್ಲಿ ಸದಾ ತಮ್ಮ ಹೆಸರೇ ಇರಬೇಕೆಂಬುದು ತಮ್ಮ ನಿಯಮ ಎಂದು ಉತ್ತರ ಬಂತು. ಆ ವಾಕ್ಯವನ್ನು ನಾನು ಮೂರು ಸಲ ಓದಿದೆ. ಅದನ್ನು ಬರೆದವರು ಯಾರೇ ಆಗಲಿ, ಅವರಿಗೆ ನನ್ನ ಅಭಿನಂದನೆ ತಲುಪಿಸಬೇಕು. ಅಷ್ಟು ಕಡಿಮೆ ಪದಗಳಲ್ಲಿ ನಮ್ಮ ವ್ಯಾಪಾರವನ್ನು ಅಷ್ಟು ತಪ್ಪಾಗಿ ಅರ್ಥ ಮಾಡಿಕೊಳ್ಳುವುದು ಸುಲಭವಲ್ಲ.

ತಮ್ಮನ್ನು ಬಿಡಬೇಕೆಂದು ತೀರ್ಮಾನಿಸಿದ್ದು ಸಿಟ್ಟಿನಲ್ಲಲ್ಲ ಎಂದು ಹೇಳಿಕೊಳ್ಳಲು ನನಗಿಷ್ಟ, ಆದರೆ ಪೂರ್ತಿ ನಿಜವಲ್ಲ. ಸಿಟ್ಟಿತ್ತು, ಅದರಲ್ಲಿ ಅರ್ಧ ನನ್ನ ಮೇಲೆ. ಆಟೋ ಡೆಬಿಟ್ಟನ್ನು ನಮ್ಮದೇ ಹೆಸರಿನಲ್ಲಿ, ನಮ್ಮದೇ ಊರಿನ ಬ್ಯಾಂಕಿನ ಮೂಲಕ ಮಾಡಬಹುದೆಂಬ ವಿಷಯವನ್ನು ನಾನು ಮೂರು ಸಂಸ್ಥೆಗಳನ್ನು ತೂಗಿ ನೋಡುವಾಗ ಯೋಚಿಸಿರಲೇ ಇಲ್ಲ. ಅದರ ಪುಟಕ್ಕೆ ಬಣ್ಣವಿರಲಿಲ್ಲ, ಅದಕ್ಕೇ ಇರಬೇಕು. ಬ್ಯಾಂಕಿನ ಹೆಂಗಸು ಅರ್ಜಿ ಕೊಡುತ್ತ, “ಇದು ತುಂಬ ಹಳೇ ಪದ್ಧತಿ, ಪ್ರತಿ ತಿಂಗಳೂ ನೀವೇ ಕೂತು ಪಟ್ಟಿ ಕಳಿಸ್ಬೇಕು, ವಿವರದ ಸಾಲು ಕೈಯಲ್ಲೇ ತುಂಬಬೇಕು,” ಎಂದು ಎಚ್ಚರಿಸಿದರು. ಅಂದರೆ ನನ್ನ ಭಾನುವಾರ ಹೋಯಿತು. “ಎಷ್ಟು ಅಕ್ಷರ ಹಿಡಿಸತ್ತೆ ಆ ಸಾಲಲ್ಲಿ?” ಎಂದು ಕೇಳಿದೆ. ಹೆಸರು, ತಿಂಗಳು, ಜೊತೆಗೆ ಒಂದು ಸಣ್ಣ ಮಾತು ಹಿಡಿಸುವಷ್ಟು ಎಂದರು. ಸಹಿ ಮಾಡಿದೆ. ಊರಿನವರೆಲ್ಲ ನಲ್ಲಿ ಬಳಿಯೇ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಟೊಮ್ಮಾ ಅವರು ಪ್ರತಿಯೊಂದನ್ನೂ ಓದಿ, ಒಂದರಲ್ಲಿ ತಾರೀಖು ಬಿಟ್ಟಿದ್ದನ್ನು ಹಿಡಿದು ನನ್ನನ್ನು ಬೈದರು.

ಲಕೋಟೆಯ ಹಣದಿಂದ ನರ್ಸರಿಯವನಿಂದ ಫರ್ ಟೊಂಗೆ ತಂದೆವು. ದೂರದ ಮಕ್ಕಳ ಹಣ ತಮ್ಮ ಬೀಗದಲ್ಲಿದ್ದರೂ ಅವರ ಅಪ್ಪ ಅಮ್ಮಂದಿರಿಗೂ ಹೊದಿಸಿದ್ದೇವೆ; ಚಳಿ ಯಾರ ಖಾತೆ ಹೇಗಿದೆಯೆಂದು ಕೇಳಿ ಬರುವುದಿಲ್ಲ. ನಾಳೆ ಸತ್ತವರ ಭಾನುವಾರ. ನಾಳೆ ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಕಪ್ಪು ಕೋಟು ಹಾಕಿಕೊಂಡು, ದೀಪ ಹಿಡಿದುಕೊಂಡು ಬರುತ್ತದೆ. ಬಂದವರು ತಮ್ಮವರದ್ದನ್ನು ನೋಡಿ, ಆಮೇಲೆ ಪಕ್ಕದವರದ್ದನ್ನು ಇನ್ನೂ ಗಮನವಿಟ್ಟು ನೋಡುತ್ತಾರೆ. ಒಂದೂ ಬರಿದಾಗಿಲ್ಲ. ಆಂಟ್ಯೆಯ ಬೆರಳುಗಳೆಲ್ಲ ಫರ್ ಟೊಂಗೆಗಳ ಅಂಟು ಮೆತ್ತಿ ಕಪ್ಪಾಗಿವೆ. ಈ ಪತ್ರವನ್ನು ಮುಟ್ಟಬೇಡವೆಂದು ಅವಳಿಗೆ ಹೇಳಿದ್ದೇನೆ.

ಕಳೆದ ಸೋಮವಾರ ನಮ್ಮ ಹೊಸ, ಅಂದರೆ ಹಳೆಯ, ಆಟೋ ಡೆಬಿಟ್ ಮೊದಲ ಸಲ ಹೋಯಿತು. ಹತ್ತು ಗಂಟೆಯ ಸುಮಾರಿಗೆ ಫೋಲ್ಕರ್ಟ್ಸ್ ಅವರ ಫೋನ್ ಬಂತು. ವೃದ್ಧಾಶ್ರಮದ ವ್ಯಾನಿನಲ್ಲಿ ಬ್ಯಾಂಕಿಗೆ ಬಂದು, ಪೆಟ್ಟಿಗೆಯ ಮುಂದೆಯೇ ನಿಂತು ಮಾತಾಡುತ್ತಿದ್ದರು. ಅವರ ಹಿಂದೆ ನಿಂತವರು ಗೊಣಗುವುದು ನನಗೂ ಕೇಳಿಸುತ್ತಿತ್ತು. “ಬಂದಿದೆ,” ಎಂದರು. “ಓದ್ತೀನಿ, ಸರಿ ಇದೆಯಾ ನೋಡಮ್ಮ. ‘ಆಂಟ್ಯೆ ಬ್ರಾಮರ್. ಗೆಜೀನೆಗೆ, ನವೆಂಬರ್. ಗೆಡ್ಡೆಗಳು ಅಲ್ಲೇ ಇವೆ.’ ಹೀಗೇ ಬರೆದಿದ್ದಾ ನೀವು?” ಹೌದೆಂದೆ. ಕಾಗದ ಮಡಿಸುವ ಸದ್ದು ಕೇಳಿಸಿತು. “ಹಾಗಾದ್ರೆ ಆ ಚೀಲ ಅಡುಗೆಮನೆಯವರಿಗೆ ವಾಪಸ್ ಕೊಡ್ತೀನಿ. ಅವರದ್ದು ಅದು,” ಎಂದು ಫೋನಿಟ್ಟರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೊನೆಯ ಕೋರಿಕೆಗಳು ಬಹಳ ಸಣ್ಣವು. ಬೀಗದೊಳಗಿರುವ ಹಣವನ್ನು ಅದು ಯಾರದೋ ಅವರಿಗೆ ಬಿಡುಗಡೆ ಮಾಡಬೇಕು. ಗೆಜೀನೆ ಫೋಲ್ಕರ್ಟ್ಸ್ ಅವರನ್ನು ‘ಮರಳಿ ಬನ್ನಿ’ ಎಂದು ಇನ್ನು ಮುಂದೆ ಕರೆಯಕೂಡದು. ಅವರನ್ನು ಹಾಗೆ ಕರೆಯುವ ಹಕ್ಕಿರುವವರು ಒಬ್ಬರೇ, ಅವರು ಯಂತ್ರವಲ್ಲ. ನಮ್ಮನ್ನು ಕಳೆದುಕೊಂಡು ತಮ್ಮ ಯಂತ್ರಕ್ಕೆ ಎಷ್ಟು ದುಃಖವಾಯಿತೆಂಬುದನ್ನು ಅಳೆದು, ಒಂದರಿಂದ ಐದರವರೆಗಿನ ನಕ್ಷತ್ರಗಳಲ್ಲಿ ತಿಳಿಸಿದರೆ ಕೃತಜ್ಞಳಾಗಿರುತ್ತೇನೆ.

ಆರಿಸಿದ ತಪ್ಪಿಗೂ ಬಿಟ್ಟ ಸಮಾಧಾನಕ್ಕೂ ಸಮಾನ ಹಕ್ಕುದಾರಳಾದ,
ತಮ್ಮ ವಿಶ್ವಾಸಿ,
ವಿನುತಾ ಹೇರೂರು

ತಾ.ಕ.: ತಮ್ಮ ವರ್ಷದ ಸೇವಾ ಶುಲ್ಕ ನನ್ನ ಖಾತೆಯಿಂದ ಆಟೋ ಡೆಬಿಟ್ ಆಗಿದ್ದನ್ನು ಮೊನ್ನೆ ಅಡಿಪಟ್ಟಿ ಇಟ್ಟು ನೋಡಿದೆ. ಅಲ್ಲಿ ತಮ್ಮ ಮೊದಲ ಹೆಸರಾಗಲಿ ಎರಡನೆಯ ಹೆಸರಾಗಲಿ ಇರಲಿಲ್ಲ. ಮೂರನೆಯದೊಂದಿತ್ತು, ಅದರ ಪರಿಚಯ ನನಗಿಲ್ಲ. ಟೊಮ್ಮಾ ಅವರನ್ನು ಕೇಳಿದೆ. ಎಂಟು ವಾರ ಇನ್ನೂ ಮುಗಿದಿಲ್ಲವಂತೆ. ಸೋಮವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಹೋಗಿ ಆ ಹಣವನ್ನು ವಾಪಸ್ ಪಡೆಯುತ್ತಿದ್ದೇನೆ. ಅದು ತಮಗೇ ಸಲ್ಲಬೇಕಾದದ್ದೆಂದು ತಾವು ವಾದಿಸುವುದಾದರೆ, ಸೇವೆಯನ್ನು ಪಡೆದವರ ಸಹಿ, ಅವರ ಚಾಲ್ತಿಯಲ್ಲಿರುವ ಗುರುತಿನ ಚೀಟಿ, ಮತ್ತು ತೃಪ್ತರಾಗಿರುವುದಾಗಿ ಅವರದೇ ಮಾತಿನಲ್ಲಿ ಎರಡು ಸಾಲು ಕಳಿಸಿಕೊಡಿ. ಕಳಿಸಿದ ಕೂಡಲೇ, ಕಾಗೆಯ ವೇಗದಲ್ಲಿ, ಕ್ಯಾನಿನ ಹಿಡಿಗೆ ಲಕೋಟೆ ಸಿಕ್ಕಿಸಲಾಗುವುದು. ಅಂಚೆಪೆಟ್ಟಿಗೆ ಬ್ಯಾಂಕಿನ ಬಾಗಿಲ ಪಕ್ಕದಲ್ಲೇ ಇದೆ. ಹೊರಗೆ ಬರುವಾಗ ಇದನ್ನೂ ಹಾಕಿಬಿಡುತ್ತೇನೆ.

ಅಂಚೆಗೆ ಹಾಕುವ ದಿನ: ಸೋಮವಾರ, ನವೆಂಬರ್ 24.